ದೋರಗಾಯಿ ಎಂಬ ಮಾತು



ಇವತ್ತು ಒಂದೇ ಒಂದು ಪದ ಹಿಡಿದುಕೊಂಡು ಬಂದಿದ್ದೇನೆ. ಹಳೆಯ ಪದ. ಒಂದು ಕಾಲಕ್ಕೆ ಎಲ್ಲರ ಮನೆಯಲ್ಲೂ ಇದ್ದದ್ದು. ಈಗೀಗ ಕಿವಿಗೆ ಬೀಳುವುದು ಕಡಿಮೆ. ನನಗೆ ಅದು ಮತ್ತೆ ಸಿಕ್ಕಿದ್ದು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹೊರಗೆ ನಿಂತಿದ್ದ ಒಂದು ತಳ್ಳುಗಾಡಿಯ ಮುಂದೆ.

ಮೇ ತಿಂಗಳ ಮಧ್ಯಾಹ್ನ. ಗಾಡಿಯ ತುಂಬ ತೋತಾಪುರಿ ಮಾವು. ಗಿಣಿಮೂತಿ ಅನ್ನುತ್ತೇವಲ್ಲ, ಅದೇ. ನಾನು ಒಂದನ್ನು ಎತ್ತಿ ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಿದ್ದೆ. ಗಾಡಿಯವರು ಕೇಳಿದರು:

"ಯಾವತ್ತಿಗೆ ಅಕ್ಕಾ? ಇವತ್ತಿಗಾ, ನಾಳೆಗಾ, ನಾಡಿದ್ದಿಗಾ?"

"ಇವತ್ತಿಗೇ ಭಾಯ್. ಆದ್ರೆ ಪೂರ್ತಿ ಹಣ್ಣು ಬೇಡ."

"ಹಂಗಾದ್ರೆ ದ್ವಾರ್ಗಾಯಿ ತಗೊಳ್ಳಿ."

ಕೇಳಿದಿರಾ? ದ್ವಾರ್ಗಾಯಿ. ನನ್ನ ಅಜ್ಜಿ ಹೋದ ಮೇಲೆ ಈ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಅವರು ಒಂದು ಕಾಯಿ ಆರಿಸಿದರು. ಚಾಕುವಿನಲ್ಲಿ ನಾಲ್ಕು ಕಡೆ ಸೀಳಿ, ಹೂವಿನ ಹಾಗೆ ಬಿಡಿಸಿದರು. ಉಪ್ಪು ಖಾರ ಸವರಿ ಕೈಗಿಟ್ಟರು.

ಬಾನುಲಿಯಲ್ಲಿ ಬಣ್ಣ ತೋರಿಸುವುದಕ್ಕಾಗುವುದಿಲ್ಲ. ಹೇಳುತ್ತೇನೆ. ಸಿಪ್ಪೆ ಹಸಿರು. ಸಿಪ್ಪೆಗೆ ಅಂಟಿದ ತಿರುಳು ಇನ್ನೂ ಬಿಳಿಚು. ಓಟೆಯ ಹತ್ತಿರ ಹೋದ ಹಾಗೆ ತೆಳುವಾದ ಹಳದಿ. ಕಚ್ಚಿದರೆ ಕರಕ್ ಅನ್ನುತ್ತದೆ. ಮೊದಲು ಹುಳಿ. ಅದರ ಬೆನ್ನಿಗೇ ಸಿಹಿ. ಕಾಯಿಯೂ ಅಲ್ಲ, ಹಣ್ಣೂ ಅಲ್ಲ. ಅದು ದೋರಗಾಯಿ.

ನನ್ನ ಇವತ್ತಿನ ಮಾತು ಈ ಪದದ್ದೇ. ಅದರ ಅರ್ಥವೇನು, ಅದನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು. ಇಷ್ಟೇ.

ಮೊದಲು ಅರ್ಥ. ಒಂದು ಮಾವಿನ ಆಯುಸ್ಸನ್ನು ಕನ್ನಡ ಎಷ್ಟು ಮೆಟ್ಟಿಲು ಮಾಡಿದೆ, ಎಣಿಸಿ ನೋಡಿ. ಹೂವು ಉದುರಿದ ಮೇಲೆ ಹೀಚು. ಉಪ್ಪಿನಕಾಯಿಗೆ ಬರುವಷ್ಟಾದರೆ ಮಿಡಿ. ಬಲಿತರೆ ಕಾಯಿ. ಆಮೇಲೆ ದೋರಗಾಯಿ. ಆಮೇಲೆ ಹಣ್ಣು. ಅದೂ ಮೀರಿದರೆ ಕಳಿತ ಹಣ್ಣು. ಒಟ್ಟು ಆರು. ಈ ಆರರಲ್ಲಿ ನಾಲ್ಕನೆಯದು ನಮ್ಮ ಪದ.

ದೋರೆಗಾಯಿ ಎಂದೂ ಬರೆಯುತ್ತಾರೆ, ದೋರಗಾಯಿ ಎಂದೂ ಬರೆಯುತ್ತಾರೆ. ನಮ್ಮ ಕಡೆ ಬಾಯಿಮಾತಿನಲ್ಲಿ ಅದು ದ್ವಾರ್ಗಾಯಿ. ನನ್ನ ಮಗ ಚಿಕ್ಕವನಿದ್ದಾಗ ಇದಕ್ಕೆ ತಾನೇ ಒಂದು ಅರ್ಥ ಕಟ್ಟಿದ್ದ. ದ್ವಾರ ಅಂದರೆ ಬಾಗಿಲು, ಅದಕ್ಕೇ ಬಾಗಿಲಲ್ಲಿ ನಿಂತ ಕಾಯಿ ಅಂತ. ಪಂಡಿತರು ಒಪ್ಪುವ ಅರ್ಥವಲ್ಲ. ಆದರೂ ನನಗೆ ಇಷ್ಟವಾಯಿತು.

ಈ ಪದ ನಮ್ಮೊಬ್ಬರದೇ ಅಲ್ಲ. ತೆಲುಗಿನವರಿಗೂ ಇದು ದೋರ. ಅವರು ಇದನ್ನು ಒಲೆಯ ಮೇಲಕ್ಕೂ ಒಯ್ದಿದ್ದಾರೆ. ಈರುಳ್ಳಿಯನ್ನು ಹಸಿ ಹೋಗಿ ಬಣ್ಣ ತಿರುಗುವಷ್ಟು ಹುರಿದರೆ, ದೋರಗಾ ಹುರಿದದ್ದು ಅನ್ನುತ್ತಾರೆ. ತಮಿಳಿನವರು ಸೆಂಗಾಯ್ ಅನ್ನುತ್ತಾರೆ. ಅಂದರೆ ಕೆಂಪೇರುತ್ತಿರುವ ಕಾಯಿ. ರಸೆಲ್ ಮಾರುಕಟ್ಟೆಯ ಆ ಗಾಡಿಯ ಮುಂದೆ ಹತ್ತು ನಿಮಿಷ ನಿಂತರೆ ಈ ಎಲ್ಲ ಮಾತೂ ಕೇಳಬಹುದು. ಗಿರಾಕಿಯ ನಾಲಗೆ ನೋಡಿ ಗಾಡಿಯವರು ಪದ ಬದಲಿಸುತ್ತಾರೆ. ಕೈಯಲ್ಲಿರುವ ಕಾಯಿ ಮಾತ್ರ ಅದೇ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಮೇಯೋ ಹಾಲ್ ಎದುರು, ಫರ್ಡಿನೆಂಡ್ ಕಿಟೆಲ್ ಅವರ ಪ್ರತಿಮೆ ಇದೆ. ಜರ್ಮನಿಯಿಂದ ಬಂದ ಪಾದ್ರಿ. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70 ಸಾವಿರ ಪದ. ಆ ಪ್ರತಿಮೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಒಂದು ಯೋಚನೆ. ಹೀಚು, ಮಿಡಿ, ದೋರೆ ಇವನ್ನೆಲ್ಲ ಇನ್ನೊಂದು ಭಾಷೆಗೆ ಕೊಡುವಾಗ ಆ ಮನುಷ್ಯ ಎಷ್ಟು ಸಲ ಪೆನ್ನು ಕೆಳಗಿಟ್ಟಿರಬೇಕು! ಇಂಗ್ಲಿಷಿನಲ್ಲಿ ಹಣ್ಣಾಗಿದೆ ಅನ್ನಬಹುದು, ಹಣ್ಣಾಗಿಲ್ಲ ಅನ್ನಬಹುದು, ಅರ್ಧ ಹಣ್ಣು ಅನ್ನಬಹುದು. ಅರ್ಧ ಹಣ್ಣಿಗೂ ದೋರಗಾಯಿಗೂ ವ್ಯತ್ಯಾಸವಿದೆ. ಅದೇನೆಂದು ಈಗ ನೋಡೋಣ.

ಕೇಳುಗರೇ, ಇಲ್ಲಿಯ ತನಕ ಹೇಳಿದ್ದು ಇಷ್ಟು. ಕಾಯಿಗೂ ಹಣ್ಣಿಗೂ ನಡುವೆ ಒಂದು ಹಂತ. ಅದಕ್ಕೊಂದು ಸ್ವಂತ ಹೆಸರು, ದೋರಗಾಯಿ.

ಆದರೆ ನಡುವಿನ ಸ್ಥಿತಿಗೆ ಕನ್ನಡದಲ್ಲಿ ಇರುವುದು ಇದೊಂದೇ ಪದವಲ್ಲ. ಇನ್ನೆರಡನ್ನು ಪಕ್ಕದಲ್ಲಿಟ್ಟರೆ ಇದರ ಗುಣ ಗೊತ್ತಾಗುತ್ತದೆ.

ಒಂದು, ಅರೆ. ಅರೆಬೆಂದ ಅನ್ನ. ಅರೆನಿದ್ದೆ. ಅರೆಮನಸ್ಸು. ಅರೆಹೊಟ್ಟೆ. ಇದು ಅಳತೆಯ ಮಾತು. ಪೂರ್ತಿ ಯಾವುದು ಎಂದು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು, ಎಷ್ಟು ಕಡಿಮೆ ಬಿತ್ತು ಎಂದು ಹೇಳುವ ಮಾತು. ಅರೆಹೊಟ್ಟೆ ಅಂದಾಗ ನಿಮ್ಮ ಕಣ್ಣು ತುಂಬಿದ ಅರ್ಧದ ಮೇಲೆ ಬೀಳುವುದಿಲ್ಲ. ಖಾಲಿ ಇರುವ ಅರ್ಧದ ಮೇಲೆ ಬೀಳುತ್ತದೆ.

ಇನ್ನೊಂದು, ತ್ರಿಶಂಕು. ಕಥೆ ನಿಮಗೆ ಗೊತ್ತು. ವಿಶ್ವಾಮಿತ್ರರು ಆ ರಾಜನನ್ನು ಸ್ವರ್ಗಕ್ಕೆ ಕಳಿಸಿದರು. ದೇವತೆಗಳು ಕೆಳಕ್ಕೆ ತಳ್ಳಿದರು. ಮೇಲೂ ಇಲ್ಲ, ಕೆಳಗೂ ಇಲ್ಲ, ಅಲ್ಲೇ ನಿಂತ. ಇದು ಸಿಕ್ಕಿಹಾಕಿಕೊಂಡದ್ದರ ಮಾತು. ಇಲ್ಲಿ ಚಲನೆ ಇಲ್ಲ. ನಾಳೆ ಏನಾಗುತ್ತದೆ ಎಂಬುದು ತ್ರಿಶಂಕುವಿನ ಕೈಯಲ್ಲಿಲ್ಲ.

ಮೂರನೆಯದು ನಮ್ಮ ದೋರೆ. ಇದರಲ್ಲಿ ಎರಡು ಗುಣ ಇವೆ. ಮೊದಲನೆಯದು, ದಿಕ್ಕು. ದೋರಗಾಯಿ ಎಲ್ಲಿಂದ ಬಂತು ಗೊತ್ತು. ಎಲ್ಲಿಗೆ ಹೋಗುತ್ತಿದೆ ಗೊತ್ತು. ಅದಕ್ಕೇ ಗಾಡಿಯವರು ಇವತ್ತಿಗಾ, ನಾಳೆಗಾ ಎಂದು ಕೇಳಿದ್ದು. ಎರಡನೆಯದು, ಸ್ವಂತ ರುಚಿ. ದೋರಗಾಯಿಯನ್ನು ಬೇಕು ಅಂತಲೇ ಕೇಳಿ ತಿನ್ನುವವರಿದ್ದಾರೆ. ಅರೆಬೆಂದ ಅನ್ನವನ್ನು ಯಾರಾದರೂ ಬೇಕು ಅಂತ ಕೇಳುತ್ತಾರೆಯೇ?

ಈ ಎರಡನೆಯ ಗುಣದ ತಿನಿಸುಗಳು ನಮ್ಮಲ್ಲಿ ಇನ್ನೂ ಇವೆ. ಉತ್ತರ ಕರ್ನಾಟಕದಲ್ಲಿ ಜೋಳದ ತೆನೆಯ ಹಾಲು ಗಟ್ಟಿಯಾಗಿ, ಕಾಳು ಇನ್ನೂ ಒಣಗದೆ ಇರುವಾಗ ಸುಟ್ಟು ತಿನ್ನುತ್ತಾರೆ. ಅದು ಸೀತನಿ. ಕೆಲವೇ ದಿನ ಸಿಗುತ್ತದೆ. ನಮ್ಮ ಇಂದಿರಾನಗರದ ಮೂಲೆಯ ಎಳನೀರಿನವರ ಹತ್ತಿರ ಹೋಗಿ. ಅವರು ಕೇಳುವುದೂ ಇದನ್ನೇ. "ನೀರಾ, ಗಂಜಿನಾ?" ಗಂಜಿ ಅಂದರೆ ನೀರು ಆಗಷ್ಟೇ ತಿರುಳಾಗುತ್ತಿರುವ ಹಂತ. ಕೊಬ್ಬರಿ ಆಗಲು ಇನ್ನೂ ಬಹಳ ದೂರವಿದೆ. ಆ ತೆಳು ಗಂಜಿಗಾಗಿಯೇ ಸಾಲು ನಿಲ್ಲುತ್ತೇವೆ.

ಈಗ ಮೂರೂ ಪದ ನಿಮ್ಮ ಮುಂದಿವೆ. ಅರೆ, ಕೊರತೆಯ ಮಾತು. ತ್ರಿಶಂಕು, ಸಿಕ್ಕಿಹಾಕಿಕೊಂಡದ್ದರ ಮಾತು. ದೋರೆ, ಸಾಗುತ್ತಿರುವುದರ ಮಾತು. ಇವುಗಳನ್ನು ನಮ್ಮ ಊರಿನ ಮೇಲೆ ಇಟ್ಟು ನೋಡೋಣ. ನಮ್ಮ ಊರು ಅಂದರೆ ಬೆಂಗಳೂರಿನ ದಂಡು.

ದಂಡು ಶುರುವಾದದ್ದು 1809ರಲ್ಲಿ. ಹಲಸೂರಿನ ಸುತ್ತಮುತ್ತ ಬ್ರಿಟಿಷರ ಸೈನ್ಯ ನೆಲೆ ನಿಂತಿತು. ಪಶ್ಚಿಮಕ್ಕೆ ಪೇಟೆ, ಪೂರ್ವಕ್ಕೆ ದಂಡು. 1870ರ ಹೊತ್ತಿಗೆ ನಡುವೆ ಕಬ್ಬನ್ ಪಾರ್ಕು ಬಂತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸು ಕೊಟ್ಟರು. ಆದರೆ ದಂಡನ್ನು ಮಾತ್ರ ಬ್ರಿಟಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡರು. ನೆಲ ಮಹಾರಾಜರದು. ಆಡಳಿತ ಬ್ರಿಟಿಷ್ ರೆಸಿಡೆಂಟರದು. ಒಂದೇ ಬೆಂಗಳೂರಿಗೆ ಎರಡು ಪುರಸಭೆ. ಉದ್ಯಾನದ ಈ ಕಡೆಯಿಂದ ಆ ಕಡೆಗೆ ನಡೆದರೆ ಯಜಮಾನರು ಬದಲಾಗುತ್ತಿದ್ದರು.

ಇದು 1947ರ ತನಕ ನಡೆಯಿತು. ಹತ್ತಿರ ಹತ್ತಿರ 66 ವರ್ಷ. ಆ ವರ್ಷ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆ ಸೇರಿ ಒಂದು ಕಾರ್ಪೊರೇಷನ್ ಆಯಿತು.

ಆ 66 ವರ್ಷದ ದಂಡಿಗೆ ಯಾವ ಪದ ಸರಿ? ದೋರಗಾಯಿ ಅನ್ನಬಹುದೇ? ನಾನು ಬಹಳ ಯೋಚಿಸಿದೆ. ಇಲ್ಲ ಅನ್ನಿಸಿತು. ಆ ಏರ್ಪಾಡಿಗೆ ದಿಕ್ಕು ಇರಲಿಲ್ಲ. ಅದು ಏನೋ ಆಗುತ್ತಾ ಇರಲಿಲ್ಲ. ಹಾಗೇ ಇರಲಿ ಎಂದು ಇಟ್ಟದ್ದು. ಅದು ತ್ರಿಶಂಕು. ನಡುವೆ ಇರುವುದೆಲ್ಲ ದೋರಗಾಯಿ ಆಗುವುದಿಲ್ಲ ಕೇಳುಗರೇ. ಈ ಎಚ್ಚರ ಇಲ್ಲದಿದ್ದರೆ ಒಳ್ಳೆಯ ಪದ ಹಾಳಾಗುತ್ತದೆ.

ಹಾಗಾದರೆ ಈ ಊರಿನಲ್ಲಿ ದೋರೆ ಅನ್ನಬಹುದಾದದ್ದು ಏನೂ ಇಲ್ಲವೇ? ಇದೆ. ಪೂರ್ವಕ್ಕೆ ಬನ್ನಿ, ಕೆ.ಆರ್.ಪುರದ ತನಕ.

2023ರ ಮಾರ್ಚ್ ಕೊನೆಯಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್.ಪುರಕ್ಕೆ ಮೆಟ್ರೊ ಬಂತು. ಸುಮಾರು 14 ಕಿಲೋಮೀಟರ್. ಇತ್ತ ಬೈಯಪ್ಪನಹಳ್ಳಿಗೆ 2011ರಲ್ಲೇ ಬಂದಿತ್ತು. ಎರಡರ ನಡುವೆ ಉಳಿದದ್ದು ಎರಡು ಕಿಲೋಮೀಟರ್ ಚಿಲ್ಲರೆ. ಬೆನ್ನಿಗಾನಹಳ್ಳಿಯ ಹತ್ತಿರ ರೈಲು ಹಳಿಗಳ ಮೇಲೆ ಉಕ್ಕಿನ ಸೇತುವೆ ಕೂರಬೇಕಿತ್ತು. ಅದು ಕೂರುವ ತನಕ ಜನ ಕೆ.ಆರ್.ಪುರದಲ್ಲಿ ಇಳಿದು, ಮೆಟ್ಟಿಲಿಳಿದು, ಫೀಡರ್ ಬಸ್ಸು ಹತ್ತಿ, ಬೈಯಪ್ಪನಹಳ್ಳಿಯಲ್ಲಿ ಮತ್ತೆ ಮೆಟ್ಟಿಲೇರಿದರು. ಅಕ್ಟೋಬರಿನಲ್ಲಿ ಕೊಂಡಿ ಕೂಡಿತು. ಆರು ತಿಂಗಳಿಗೆ ಸ್ವಲ್ಪ ಹೆಚ್ಚು.

ಆ ಬಸ್ಸಿನಲ್ಲಿ ನಾನೂ ಓಡಾಡಿದ್ದೇನೆ. ಪಕ್ಕದಲ್ಲಿದ್ದವರು ಗೊಣಗುತ್ತಿದ್ದರು, ಎಲ್ಲಾ ಅರೆಬರೆ ಕೆಲಸ ಅಂತ. ಅವರ ಬೇಸರ ಸುಳ್ಳಲ್ಲ. ಆದರೆ ನೋಡಿ, ವೈಟ್‌ಫೀಲ್ಡಿನ ಕಡೆಯವರಿಗೆ ರಸ್ತೆಯ ದಾರಿ ಅಷ್ಟರ ಮಟ್ಟಿಗೆ ಕಡಿಮೆಯಾಗಿತ್ತು. ಮಾರ್ಗಕ್ಕೆ ದಿಕ್ಕು ಇತ್ತು. ಉಪಯೋಗವೂ ಇತ್ತು. ಉಪ್ಪು ಖಾರ ಹಚ್ಚಿಕೊಂಡು ತಿನ್ನಬಹುದಾದ ಮಾರ್ಗ. ಅದು ಅರೆ ಮೆಟ್ರೊ ಅಲ್ಲ, ದೋರೆ ಮೆಟ್ರೊ.

ಈಗ ಒಮ್ಮೆ ಹಿಂದಿರುಗಿ ನೋಡೋಣ. ಪದದ ಅರ್ಥ ಆಯಿತು. ಮೂರು ಪದಗಳ ವ್ಯತ್ಯಾಸ ಆಯಿತು. ಅದನ್ನು ಊರಿಗೆ ಹಚ್ಚಿಯೂ ನೋಡಿದೆವು. ಉಳಿದದ್ದು ಒಂದು ಪ್ರಶ್ನೆ. ದೋರಗಾಯಿ ಹಣ್ಣಾಗುವುದು ಹೇಗೆ?

ಬಲಿತು ಬಿಡಿಸಿದ ಮಾವಿನಕಾಯಿ ಸತ್ತ ವಸ್ತುವಲ್ಲ. ಅದು ಉಸಿರಾಡುತ್ತಿರುತ್ತದೆ. ಒಂದು ಹಂತದಲ್ಲಿ ಆ ಉಸಿರು ಜೋರಾಗುತ್ತದೆ. ಆಗ ಅದು ಎಥಿಲೀನ್ ಎಂಬ ಅನಿಲವನ್ನು ಹೊರಗೆ ಬಿಡುತ್ತದೆ. ಆ ಅನಿಲ ಸೋಕಿದಾಗ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ತಿರುಳು ಮೆತ್ತಗಾಗುತ್ತದೆ. ಮಾವು ಹಣ್ಣಾಗುವುದು ಒಳಗಿನಿಂದ ಹೊರಕ್ಕೆ. ಓಟೆಯ ಸುತ್ತ ಮೊದಲು, ಸಿಪ್ಪೆಯ ಹತ್ತಿರ ಕೊನೆಗೆ. ಅದಕ್ಕೇ ನಾನು ತಿಂದ ದೋರಗಾಯಿಯಲ್ಲಿ ಹಳದಿ ಒಳಗಿತ್ತು, ಬಿಳಿ ಹೊರಗಿತ್ತು. ಹೊರಗಿನಿಂದ ನೋಡಿದವರಿಗೆ ಅದಿನ್ನೂ ಕಾಯಿಯೇ.

ಹಲಸೂರಿನ ಹೆಸರಿನಲ್ಲಿರುವ ಹಲಸೂ ಇದೇ ಜಾತಿ. ಹೊರಗಿನ ಮುಳ್ಳಿನಿಂದ ಏನೂ ತಿಳಿಯುವುದಿಲ್ಲ. ನಮ್ಮತ್ತೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ಟಣ್ ಟಣ್ ಅಂದರೆ ಕಾಯಿ. ಡೊಬ್ ಡೊಬ್ ಅಂದರೆ ಹಣ್ಣು. ಎರಡರ ನಡುವಿನ ಸದ್ದಿಗೆ ಅವರು ತಲೆ ಓರೆ ಮಾಡಿ, "ಎರಡು ದಿನ" ಅನ್ನುತ್ತಿದ್ದರು.

ಎಲ್ಲ ಕಾಯಿಯೂ ಹೀಗಲ್ಲ. ಮಾವು, ಬಾಳೆ, ಪರಂಗಿ, ಟೊಮೆಟೊ ಬಿಡಿಸಿದ ಮೇಲೂ ಹಣ್ಣಾಗುತ್ತವೆ. ಕೋಲಾರದ ಕಡೆಯ ಟೊಮೆಟೊ ದೂರದ ಊರಿಗೆ ಹೋಗಬೇಕಾದರೆ ಬಣ್ಣ ತಿರುಗುವಾಗಲೇ ಬಿಡಿಸುತ್ತಾರೆ. ದಾರಿಯಲ್ಲಿ ಕೆಂಪಾಗುತ್ತದೆ. ಆದರೆ ದ್ರಾಕ್ಷಿ, ಕಿತ್ತಳೆ, ದಾಳಿಂಬೆ ಹಾಗಲ್ಲ. ಬಿಡಿಸಿದ ದಿನ ಹೇಗಿತ್ತೋ ಸಿಹಿ ಅಷ್ಟೇ. ಗಿಡ ಬಿಟ್ಟ ಮೇಲೆ ಅವು ಮುಂದಕ್ಕೆ ಹೋಗುವುದಿಲ್ಲ.

ಇನ್ನು ಮನೆಯ ಉಪಾಯ. ಮಾವನ್ನು ಹುಲ್ಲಿನಲ್ಲಿ ಮುಚ್ಚಿಡುತ್ತಿದ್ದರು. ಅಕ್ಕಿಯ ಡಬ್ಬದಲ್ಲಿ ಹೂಳುತ್ತಿದ್ದರು. ಅದರದೇ ಅನಿಲ ಹೊರಗೆ ಹೋಗದೆ ಅಲ್ಲೇ ಸುತ್ತಲಿ ಎಂದು. ಇನ್ನೂ ಸುಲಭದ್ದು, ಕಾಯಿಗಳ ನಡುವೆ ಒಂದು ಹಣ್ಣು ಇಡುವುದು. ಆ ಒಂದು ಹಣ್ಣಿನ ಉಸಿರಿಗೇ ಉಳಿದವು ಹಣ್ಣಾಗುತ್ತವೆ.

ಅವಸರದವರ ಉಪಾಯವೂ ಒಂದಿದೆ. ಕ್ಯಾಲ್ಸಿಯಂ ಕಾರ್ಬೈಡ್. ಅದನ್ನು ಹಣ್ಣು ಮಾಡಲು ಬಳಸುವುದಕ್ಕೆ ಕಾನೂನಿನ ನಿಷೇಧವಿದೆ. ಅದರಲ್ಲಿ ಆರ್ಸೆನಿಕ್‌ನಂಥ ವಿಷದ ಅಂಶ ಬೆರೆತಿರಬಹುದು. ರುಚಿಯೂ ಬರುವುದಿಲ್ಲ. ಮೇಲೆ ಹಳದಿ, ಒಳಗೆ ಸಪ್ಪೆ ಹುಳಿ. ನಮ್ಮ ಹಿರಿಯರು ಇಂಥ ಅವಸರಕ್ಕೆ ಒಂದು ಮಾತು ಇಟ್ಟಿದ್ದರು. ಗುದ್ದಿ ಹಣ್ಣು ಮಾಡುವುದು ಅಂತ.

ಈ ಮೂರನ್ನು ನೆನಪಿಟ್ಟುಕೊಳ್ಳಿ. ದೋರಗಾಯಿ ಹಣ್ಣಾಗುವುದು ಒಳಗಿನಿಂದ. ಗುದ್ದಿದರೆ ಆಗುವುದಿಲ್ಲ. ಪಕ್ಕದಲ್ಲಿ ಒಂದು ಹಣ್ಣು ಇದ್ದರೆ ಬೇಗ ಆಗುತ್ತದೆ. ಇದನ್ನು ಇಟ್ಟುಕೊಂಡು ಕೊನೆಯ ಮಾತಿಗೆ ಬರುತ್ತೇನೆ.

ಇಂದಿರಾನಗರದಲ್ಲಿ, ಹಲಸೂರಿನಲ್ಲಿ, ಕೆ.ಆರ್.ಪುರದಲ್ಲಿ ದಿನಾ ಒಂದು ಕನ್ನಡ ಕಿವಿಗೆ ಬೀಳುತ್ತದೆ. ಬೇರೆ ಊರಿನಿಂದ ಬಂದವರ ಕನ್ನಡ. "ನಾನು ನಿನ್ನೆ ಬರ್ತೀನಿ." "ಅವರು ಹೋಗಿದೆ." "ಸ್ವಲ್ಪ ಸ್ವಲ್ಪ ಬರುತ್ತೆ." ಇದನ್ನು ನಾವು ಅರೆಬರೆ ಕನ್ನಡ ಅನ್ನುತ್ತೇವೆ. ನಗುತ್ತೇವೆ. ಆಮೇಲೆ ಏನು ಮಾಡುತ್ತೇವೆ? ಮರುಗಳಿಗೆಯೇ ನಾವೇ ಹಿಂದಿಗೋ ಇಂಗ್ಲಿಷಿಗೋ ತಮಿಳಿಗೋ ಹೊರಳುತ್ತೇವೆ. ಉಪಕಾರ ಮಾಡಿದೆವು ಅಂದುಕೊಳ್ಳುತ್ತೇವೆ.

ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ನಮ್ಮ ಮನೆಯ ಮೇಲಿನ ಮಹಡಿಗೆ ಒಬ್ಬ ಹುಡುಗಿ ಬಾಡಿಗೆಗೆ ಬಂದಿದ್ದಳು. ಉತ್ತರದವಳು. ಮೊದಲ ವಾರವೇ ಕೆಳಗೆ ಬಂದು, "ಆಂಟಿ, ನೀರು ಬಂದಿಲ್ಲ" ಅಂದಳು. ಶುದ್ಧ ಕನ್ನಡ. ನಾನು ಏನು ಮಾಡಿದೆ ಗೊತ್ತೇ? ಹಿಂದಿಯಲ್ಲಿ ಉತ್ತರ ಕೊಟ್ಟೆ. ಆಮೇಲೆ ಅವಳು ನನ್ನ ಜೊತೆ ಕನ್ನಡ ಆಡಲಿಲ್ಲ. ಎರಡು ವರ್ಷ ಇದ್ದಳು. ಕಾಯಿಯ ಪಕ್ಕದಿಂದ ಹಣ್ಣನ್ನು ಎತ್ತಿಟ್ಟವಳು ನಾನೇ.

ನಮ್ಮತ್ತೆ ಹೀಗೆ ಮಾಡುತ್ತಿರಲಿಲ್ಲ. ಅವರಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ದಂಡಿನಲ್ಲಿ ಹುಟ್ಟಿ ಬೆಳೆದವರು, ಬಾರದೆ ಇರುತ್ತದೆಯೇ? ಆದರೂ ಶಿವಾಜಿನಗರಕ್ಕೆ ಹೋದರೆ, ಎದುರಿನವರು ತಡವರಿಸಿಕೊಂಡಾದರೂ ಕನ್ನಡ ಆಡಿದರೆ, ಇವರು ಕನ್ನಡವನ್ನೇ ನಿಧಾನವಾಗಿ ಆಡುತ್ತಿದ್ದರು. ತಿದ್ದುತ್ತಿರಲಿಲ್ಲ. ಗದರುತ್ತಿರಲಿಲ್ಲ. ಅವಸರ ಮಾಡುತ್ತಿರಲಿಲ್ಲ. ಸರಿಯಾದ ಮಾತನ್ನು ತಾವು ಒಮ್ಮೆ ಹೇಳಿ, ಚೀಲ ಮುಂದೆ ಚಾಚುತ್ತಿದ್ದರು.

ಆ ದಿನ ಗಾಡಿಯವರನ್ನು ನಾನು ಕೇಳಿದೆ. "ದ್ವಾರ್ಗಾಯಿ ಅನ್ನೋ ಮಾತು ನಿಮಗೆ ಎಲ್ಲಿ ಸಿಕ್ತು ಭಾಯ್?" ಅವರ ಮನೆಮಾತು ದಖನಿ ಉರ್ದು. ಅವರು ಚಾಕು ಒರೆಸುತ್ತಾ ಹೇಳಿದರು: "ಇಲ್ಲೇ ಅಕ್ಕಾ, ಗಾಡಿ ಹತ್ರಾನೇ. ಅಬ್ಬಾ ಕಾಲ್ದಲ್ಲಿ ಹಲಸೂರಿಂದ ಅಜ್ಜಿಗಳು ಬರ್ತಾ ಇದ್ರು. ಚೌಕಾಸಿ ಮಾಡಿ ಮಾಡಿ ನಂಗೆ ಕನ್ನಡ ಬಂತು."

ನಿಜವೇ. ಅವರ ಕನ್ನಡದಲ್ಲಿ ಚೌಕಾಸಿಯ ಮಾತೆಲ್ಲ ಪೂರ್ತಿ ಹಣ್ಣು. ಉಳಿದದ್ದು ಇನ್ನೂ ದೋರೆ. ಆದರೆ ನಾನು ಕಳೆದುಕೊಂಡಿದ್ದ ನನ್ನ ಅಜ್ಜಿಯ ಪದ ಸಿಕ್ಕಿದ್ದು ಆ ದೋರೆ ಕನ್ನಡದಲ್ಲೇ.

ಕೇಳುಗರೇ, ಮುಂದಿನ ಸಲ ಯಾರಾದರೂ ತಡವರಿಸುತ್ತಾ ನಿಮ್ಮ ಜೊತೆ ಕನ್ನಡ ಆಡಿದರೆ, ಅದನ್ನು ಅರೆ ಅನ್ನಬೇಡಿ. ದೋರೆ ಅನ್ನಿ. ಗುದ್ದಬೇಡಿ. ನಿಮ್ಮ ಕನ್ನಡವನ್ನು ಎತ್ತಿಟ್ಟು ಹೊರಳಲೂಬೇಡಿ. ಅವರ ಪಕ್ಕದಲ್ಲೇ ಇರಿ, ಕನ್ನಡದಲ್ಲೇ ಇರಿ.

ಮತ್ತೆ ಮಾವಿನ ಕಾಲ ಬಂದಾಗ ಗಾಡಿಯ ಮುಂದೆ ನಿಂತು ದೋರಗಾಯಿ ಕೊಡಿ ಎಂದು ಕೇಳಿ ನೋಡಿ. ಪದ ಅವರಿಗೆ ಗೊತ್ತಿದ್ದರೆ ಒಳ್ಳೆಯ ಕಾಯಿ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಏನು ಹಾಗಂದರೆ ಎಂದು ಕೇಳುತ್ತಾರೆ. ಆಗ ಹೇಳಿ.